ರಾಮಮ್ಮನ ದಸರಾ ಕಂಬಳಿ

ದೇವನೂರಿನ ಬೋರಯ್ಯನ ಹೆಂಡತಿ ರಾಮಮ್ಮ ತಿರುಮಕೂಡಲು ನರಸೀಪುರದ ಹೆಣ್ಣು. ಕಾವೇರಿ, ಕಬಿನಿ ಕೂಡುವ ಕಡೆಯೇ ಅವಳ ತೌರು. ಅಲ್ಲಿಯ ಮಕ್ಕಳಿಗೆಲ್ಲ ಹೊಳೆಯ ಮರಳೇ ಆಟದ ಬಯಲು. ಮೀಯಲು ಬಂದವರ ಮೈಮೇಲಿಂದ ಜಾರಿದ ಮಣಿ, ಬಳೆ ಚೂರು, ಕವಡೆ, ಅಪರೂಪಕ್ಕೊಂದು ಹಿತ್ತಾಳೆ ಮೂಗುಬೊಟ್ಟು, ಏನು ಸಿಕ್ಕಿದರೂ ರಾಮಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬರುತ್ತಿದ್ದಳು. ಉಳಿದ ಮಕ್ಕಳು ದೊಡ್ಡವರಾಗುತ್ತ ಆ ಆಟ ಮರೆತರು. ಇವಳು ಮರೆಯಲಿಲ್ಲ. ಗಂಡನ ಮನೆಗೆ ಬಂದ ಮೇಲೂ ನಡೆಯುವಾಗ ಅವಳ ಕಣ್ಣು ನೆಲದ ಮೇಲೆಯೇ. ಅತ್ತೆ ಕೆಂಪಾಜಮ್ಮ ಅದನ್ನು ನಾಚಿಕೆಯೆಂದು ತಿಳಿದು, ತನ್ನ ಸೊಸೆ ತಲೆ ಎತ್ತಿ ನಡೆಯುವವಳಲ್ಲ ಎಂದು ನೆರೆಯವರ ಮುಂದೆ ಹೊಗಳಿಕೊಂಡಿದ್ದಳಂತೆ.

ನಿಜ ಗೊತ್ತಾದದ್ದು ಮದುವೆಯಾದ ವರ್ಷದ ದಸರೆಯಲ್ಲಿ. ಆಗ ಮೈಸೂರಿನಲ್ಲಿ ಹೊಸ ಅರಮನೆಯನ್ನು ಇನ್ನೂ ಕಟ್ಟುತ್ತಿದ್ದರು. ಬೋರಯ್ಯ ಗಾಡಿ ಕಟ್ಟಿ ಹೆಂಡತಿಯನ್ನು ನಂಜನಗೂಡಿಗೆ ಕರೆತಂದು, ಅಲ್ಲಿಂದ ರೈಲು ಹತ್ತಿಸಿ ಜಂಬೂ ಸವಾರಿ ತೋರಿಸಲು ಕರೆದೊಯ್ದ. ಆನೆ, ಕುದುರೆ, ಬ್ಯಾಂಡು ಎಲ್ಲ ಹಾದುಹೋಗಿ ಜನ ಚೆದುರಿದ ಮೇಲೆ ರಾಮಮ್ಮ ಬೀದಿಯ ಧೂಳಿನಿಂದ ಏನನ್ನೋ ಎತ್ತಿ ಸೆರಗಿನಲ್ಲಿ ಒರೆಸಿದಳು. ಸವಾರನೊಬ್ಬನ ಕೋಟಿನಿಂದ ಕಿತ್ತು ಬಿದ್ದ ಹಿತ್ತಾಳೆ ಗುಂಡಿ. ಅದರ ಮೇಲೆ ಗಂಡಭೇರುಂಡದ ಅಚ್ಚು. ಬಳೆ ಕೊಡಿಸುತ್ತೇನೆ ಬಾ ಎಂದು ಬೋರಯ್ಯ ಕರೆದರೆ, ನನಗೆ ಇದೇ ಸಾಕು ಎಂದಳಂತೆ. ಬೋರಯ್ಯ ಹೆಚ್ಚು ಮಾತಿನವನಲ್ಲ. ಸರಿ ಎಂದ. ಬಳೆಯನ್ನೂ ಕೊಡಿಸಿದ.

ಅಲ್ಲಿಂದಾಚೆ ವರ್ಷಾ ವರ್ಷಾ ದಸರೆಗೆ ಹೋದಾಗಲೆಲ್ಲ ಅವಳು ಏನಾದರೊಂದು ತಂದಳು. ಆನೆಯ ಬೆನ್ನಿಗೆ ಹೊದಿಸಿದ ಜೂಲಿನಿಂದ ಉದುರಿದ ಕುಚ್ಚು. ಸರ್ಕಸ್ಸಿನ ಡೇರೆಯೊಳಕ್ಕೆ ಬಿಡುವಾಗ ಕೈಗೆ ಕೊಡುತ್ತಿದ್ದ ತಗಡಿನ ಬಿಲ್ಲೆ. ವಸ್ತುಪ್ರದರ್ಶನ ಶುರುವಾದ ಮೇಲೆ ಅಲ್ಲಿ ಜನಕ್ಕೆ ದಾರಿ ತೋರಿಸುತ್ತ ಓಡಾಡುವ ಹುಡುಗರು ಎದೆಗೆ ಚುಚ್ಚಿಕೊಂಡಿರುತ್ತಿದ್ದ ಬಣ್ಣದ ಬಿಲ್ಲೆ, ನೋಡಲು ಇಟ್ಟಿದ್ದ ರಾಶಿಯಿಂದ ಕೇಳಿ ಪಡೆದ ಒಂದು ರೇಷ್ಮೆ ಗೂಡು. ಗುಂಡಿಗಳಂತೂ ಹಿತ್ತಾಳೆಯವು, ಕೊಂಬಿನವು, ಬಟ್ಟೆ ಸುತ್ತಿದವು, ಎಲ್ಲ ಬಗೆಯವೂ ಇದ್ದವು. ಡಬ್ಬಿಯಲ್ಲಿಟ್ಟರೆ ಚೆಲ್ಲಾಡುತ್ತವೆ ಎಂದು ಗಂಡನ ಹಳೆಯ ಕರಿ ಕಂಬಳಿಯೊಂದನ್ನು ತೆಗೆದುಕೊಂಡು, ಒಂದೊಂದನ್ನೂ ಅದಕ್ಕೆ ಹೊಲಿದಳು.

ಕೆಂಪಾಜಮ್ಮನಿಗೆ ಇದು ಸರಿಬರಲಿಲ್ಲ. ಊರಿನ ಉಳಿದ ಸೊಸೆಯಂದಿರು ಮೈಸೂರಿಂದ ಸೀರೆ ತರುತ್ತಾರೆ, ಅರಿಸಿನ ಕುಂಕುಮ ತರುತ್ತಾರೆ, ಇವಳು ಬೀದಿಯ ಕಸ ತರುತ್ತಾಳೆ ಎಂದು ಕೆರೆಯ ಹತ್ತಿರ ಹೇಳಿದಳು. ನರಸೀಪುರದ ಮರಳು ಜಾಲಾಡುವವಳು ಎಂದು ಸೊಸೆಗೆ ಹೆಸರಿಟ್ಟಳು. ಕೆಂಪಾಜಮ್ಮ ಮೈಸೂರು ಕಂಡವಳಲ್ಲ. ಗಂಡ ಬದುಕಿದ್ದಾಗ ಕರೆದುಕೊಂಡು ಹೋಗಲಿಲ್ಲ, ಆಮೇಲೆ ಅವಳೇ ಹೋಗಲಿಲ್ಲ. ಸೊಸೆ ಹೊರಟಾಗಲೆಲ್ಲ ಅವಳಿಗೆ ಏನೋ ಒಂದು ಕೆಲಸ ನೆನಪಾಗುತ್ತಿತ್ತು, ಯಾರ ಮೇಲೋ ಸಿಟ್ಟು ಬರುತ್ತಿತ್ತು. ರಾಮಮ್ಮ ಕಂಬಳಿಯನ್ನು ಮಡಿಸಿ ಅಟ್ಟದ ಮೇಲಿಟ್ಟಳು.

ಕೆಲವು ವರ್ಷಗಳ ಮೇಲೆ ಮುದುಕಿ ಕೆಂಪಾಜಮ್ಮನಿಗೆ ಕಣ್ಣಿನಲ್ಲಿ ಪೊರೆ ಬಂತು. ಮೊದಮೊದಲು ಅಕ್ಕಿಯಲ್ಲಿ ಕಲ್ಲು ಕಾಣಲಿಲ್ಲ, ಆಮೇಲೆ ಮುಖಗಳು ಕಾಣಲಿಲ್ಲ, ಕೊನೆಗೆ ಬೆಳಕು ಯಾವ ಕಡೆಯಿದೆ ಎಂಬುದಷ್ಟೇ ಗೊತ್ತಾಗುತ್ತಿತ್ತು. ಆ ವರ್ಷವೇ ದೇವನೂರಿನಲ್ಲಿ ಇಲಿ ಸತ್ತು ಬಿದ್ದವು. ಪ್ಲೇಗಿನ ಭಯಕ್ಕೆ ಜನ ಮನೆಗಳಿಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹೂಡಿದರು. ಹೊರಡುವ ಗಡಿಬಿಡಿಯಲ್ಲಿ ರಾಮಮ್ಮ ಅಟ್ಟದಿಂದ ಕಂಬಳಿಯನ್ನೂ ಇಳಿಸಿಕೊಂಡಳು. ದಾರಿಯುದ್ದಕ್ಕೂ ಕೆಂಪಾಜಮ್ಮ ಬೈದಳು. ಒರಳುಕಲ್ಲು ಬಿಟ್ಟು ಕಸ ಹೊತ್ತುಕೊಂಡು ಬಂದಳಲ್ಲ ಎಂದು.

ಗುಡಿಸಲಿನಲ್ಲಿ ಮುದುಕಿಗೆ ದಿನ ಕಳೆಯುವುದೇ ಕಷ್ಟವಾಯಿತು. ಮನೆಯಲ್ಲಾದರೆ ಗೋಡೆ ಹಿಡಿದು ಹಿತ್ತಿಲ ತನಕ ಹೋಗುತ್ತಿದ್ದಳು. ಇಲ್ಲಿ ಹಿಡಿಯಲು ಗೋಡೆಯಿಲ್ಲ. ಯಾವ ಗುಡಿಸಲಿನಿಂದ ಅಳು ಕೇಳಿದರೂ ಯಾರು, ಯಾರು ಎಂದು ಕೇಳುತ್ತಿದ್ದಳು. ಒಂದು ಮಧ್ಯಾಹ್ನ ಗಾಳಿ ತಣ್ಣಗೆ ಬೀಸಿತೆಂದು ರಾಮಮ್ಮ ಕೈಗೆ ಸಿಕ್ಕಿದ ಆ ಕಂಬಳಿಯನ್ನೇ ಅತ್ತೆಗೆ ಹೊದಿಸಿದಳು. ಗುಂಡಿ ಹೊಲಿದ ಮಗ್ಗುಲು ಒಳಗಾಯಿತು. ಸ್ವಲ್ಪ ಹೊತ್ತಿಗೆ ಮುದುಕಿಯ ಬೆರಳುಗಳು ಕಂಬಳಿಯೊಳಗೆ ಆಡತೊಡಗಿದವು.

"ಇದ್ಯಾವುದಮ್ಮಿ, ತಣ್ಣಗದೆ?" ಎಂದಳು.

"ಕುದ್ರೆ ಸವಾರ್ರ ಗುಂಡಿ ಅತ್ತೆ. ಮ್ಯಾಲೆ ಎಲ್ಡು ತಲೆ ಪಕ್ಷಿ ಅದೆ, ಬೆರಳಾಡ್ಸಿ ನೋಡಿ."

ಕೆಂಪಾಜಮ್ಮ ಬೆರಳಾಡಿಸಿದಳು. ಒಂದು ತಲೆ ಸಿಕ್ಕಿತು, ಇನ್ನೊಂದು ಸಿಗಲು ಹೊತ್ತಾಯಿತು. ಸಿಕ್ಕಿದ ಮೇಲೆ, ಆ ಸವಾರರು ಎಷ್ಟು ಜನ ಇರುತ್ತಾರೆ, ಕುದುರೆ ಯಾವ ಬಣ್ಣ ಎಂದು ಕೇಳಿದಳು. ರಾಮಮ್ಮ ಹೇಳಿದಳು. ಅದರ ಪಕ್ಕದ್ದು ಯಾವುದು ಎಂದಳು ಮುದುಕಿ. ಸೊಸೆ ಅದನ್ನೂ ಹೇಳಿದಳು. ಆ ಸಂಜೆಯೊಳಗೆ ಕಂಬಳಿಯ ಒಂದು ಅಂಚು ಮುಗಿಯಿತು. ಮರುದಿನ ಮುದುಕಿಯೇ ಕರೆದು, ನಿಲ್ಲಿಸಿದ್ದ ಕಡೆಯಿಂದ ಮುಂದೆ ಹೇಳು ಎಂದಳು. ಅಕ್ಕಪಕ್ಕದ ಗುಡಿಸಲುಗಳ ಹೆಂಗಸರೂ ಬಂದು ಕೂತರು. ಆನೆಯ ಕುಚ್ಚಿನ ಕತೆ ಬಂದಾಗ ಕೆಂಪಾಜಮ್ಮ ಅಷ್ಟೊಂದು ಆನೆ ಹೋದ ಮೇಲೆ ಬೀದಿಯ ಲದ್ದಿ ಬಾಚುವವರು ಯಾರು ಎಂದು ಕೇಳಿದಳು. ರಾಮಮ್ಮನಿಗೆ ಗೊತ್ತಿರಲಿಲ್ಲ. ಇಷ್ಟು ಸಲ ಹೋಗಿ ಅದೊಂದನ್ನು ವಿಚಾರಿಸಲಿಲ್ಲವಲ್ಲ ಎಂದು ಮುದುಕಿ ಬೇಸರಪಟ್ಟಳು.

ಊರು ಕೆಲವರನ್ನು ಕಳೆದುಕೊಂಡು, ಬೇಸಗೆ ಹೊತ್ತಿಗೆ ಮತ್ತೆ ಮನೆ ಸೇರಿತು. ಬೋರಯ್ಯನ ಮನೆಯವರೆಲ್ಲ ಉಳಿದಿದ್ದರು. ಕಂಬಳಿ ಮಾತ್ರ ಅಟ್ಟಕ್ಕೆ ಹೋಗಲಿಲ್ಲ. ಅದು ಕೆಂಪಾಜಮ್ಮನ ಹೊದಿಕೆಯಾಯಿತು.

ಮುಂದಿನ ದಸರೆ ಬಂದಾಗ ಅತ್ತೆಯನ್ನು ಬಿಟ್ಟು ಹೋಗುವುದು ಹೇಗೆಂದು ರಾಮಮ್ಮ ಆ ಮಾತೇ ಎತ್ತಲಿಲ್ಲ. ಎತ್ತಿದವಳು ಕೆಂಪಾಜಮ್ಮ, ತಾನೂ ಬರುತ್ತೇನೆಂದಳು. ಕಣ್ಣು ಕಾಣದವಳು ಏನು ನೋಡುತ್ತೀಯ ಎಂದು ಬೋರಯ್ಯ ಕೇಳಿದ್ದಕ್ಕೆ, ನೋಡುವವರು ನೋಡಲಿ, ನಾನು ಅಲ್ಲಿ ಇರಬೇಕು ಎಂದಳಂತೆ. ಆದರೆ ಹೊಲದಲ್ಲಿ ರಾಗಿ ತೆನೆಗಟ್ಟಿತ್ತು, ಹಂದಿಗಳ ಕಾಟ. ಬೋರಯ್ಯ ಕಾವಲು ಬಿಟ್ಟು ಬರುವಂತಿರಲಿಲ್ಲ. ಗಂಡಸರಿಲ್ಲದೆ ಹೆಂಗಸರಿಬ್ಬರೇ ಮೈಸೂರಿಗೆ ಹೋಗುವುದು ಊರಲ್ಲಿ ಯಾರೂ ಕೇಳಿದ್ದಲ್ಲ. ಕೆಂಪಾಜಮ್ಮ ಹಟ ಬಿಡಲಿಲ್ಲ, ಕೊನೆಗೆ ನಂಜನಗೂಡಿನ ಸ್ಟೇಷನ್ನಿನವರೆಗೆ ಬೋರಯ್ಯ ಇಬ್ಬರನ್ನೂ ಗಾಡಿಯಲ್ಲಿ ಬಿಟ್ಟ. ರೈಲು ಕಬಿನಿಯ ಸೇತುವೆ ಹತ್ತಿ ಸದ್ದು ಬದಲಾದಾಗ ಕೆಂಪಾಜಮ್ಮ ಸೊಸೆಯ ಕೈ ಗಟ್ಟಿಯಾಗಿ ಹಿಡಿದಳು. ಮೈಸೂರು ಬರುವ ತನಕ ಬಿಡಲಿಲ್ಲ.

ಸವಾರಿಯ ಬೀದಿಯಲ್ಲಿ ಹಗ್ಗ ಕಟ್ಟಿದ್ದರು. ಹಗ್ಗದ ಹೊರಗೆ ಜನ ಕಿಕ್ಕಿರಿದಿದ್ದರು. ನೂಕಾಟದಲ್ಲಿ ಕೆಂಪಾಜಮ್ಮನ ಹೆಗಲಿನ ಕಂಬಳಿ ಜಾರಿ, ಒಳಮಗ್ಗುಲು ಹೊರಗೆ ಬಂತು. ಬಿಸಿಲಿಗೆ ಹಿತ್ತಾಳೆ ಮಿರುಗಿತು. ಬಂದೋಬಸ್ತಿಗೆ ನಿಂತಿದ್ದ ಸವಾರ ಪಡೆಯ ದಫೇದಾರನೊಬ್ಬ ಅದನ್ನು ಕಂಡು ಹತ್ತಿರ ಬಂದ. ಎತ್ತರದ ಆಳು, ದೊಡ್ಡ ಮೀಸೆ. ಇವು ಸರ್ಕಾರದ ಗುಂಡಿ, ಹಳ್ಳಿಯ ಹೆಂಗಸರ ಕೈಗೆ ಹೇಗೆ ಬಂದವು, ಯಾರು ಕದ್ದು ಮಾರಿದರು ಎಂದು ಗದರಿಸಿದ. ಸುತ್ತಲ ಜನ ತಿರುಗಿ ನೋಡಿದರು. ರಾಮಮ್ಮ ತಲೆ ತಗ್ಗಿಸಿ ನಿಂತುಬಿಟ್ಟಳು.

ಮಾತಾಡಿದವಳು ಕೆಂಪಾಜಮ್ಮ. ದನಿ ಬಂದ ಕಡೆಗೆ ಮುಖ ಮಾಡಿ ಹೇಳಿದಳು.

"ಬುದ್ಧಿ, ಕದ್ದಿದ್ರೆ ಮುಚ್ಚಿಡ್ತಿದ್ಲು. ನೀವೆಲ್ಲ ತುಳ್ಕಂಡ್ ಓದದ್ದ ನಮ್ಮುಡುಗಿ ಎತ್ಕಂಡ್ ಬಂದು ಕಂಬ್ಳಿಗೆ ಒಲ್ದವ್ಳೆ. ನಾನೂ ಇದ್ನ ಕಸ ಅಂತ ಬೈತಿದ್ದೆ. ಕಣ್ಣೋದ್ ಮ್ಯಾಲೆ ನಂಗೆ ಮೈಸೂರು ಅಂದ್ರೆ ಇಷ್ಟೇಯ. ತಕ್ಕಂಡ್ ಓಗಂಗಿದ್ರೆ ತಕ್ಕಂಡ್ ಓಗಿ."

ನಮ್ಮ ಹುಡುಗಿ ಎಂದು ಅತ್ತೆ ಕರೆದದ್ದು ಅದೇ ಮೊದಲು. ಆ ದಿನದ್ದೆಲ್ಲ ಮರೆತರೂ ಆ ಒಂದು ಮಾತು ಮರೆಯುವುದಿಲ್ಲ ಎಂದು ರಾಮಮ್ಮ ಮುದುಕಿಯಾದ ಮೇಲೂ ಹೇಳುತ್ತಿದ್ದಳು.

ದಫೇದಾರ ಕಂಬಳಿಯ ಅಂಚು ಎತ್ತಿ ನೋಡಿದ. ತಲೆ ತಗ್ಗಿಸಿದ್ದ ರಾಮಮ್ಮನ ಕಣ್ಣಿಗೆ ಅವನ ಕೋಟಿನ ಕೆಳಭಾಗ ಕಂಡಿತು. ಅಲ್ಲೊಂದು ಗುಂಡಿಯಿರಲಿಲ್ಲ. ಕಾಣದಿರಲೆಂದು ಕಪ್ಪು ದಾರ ಕಟ್ಟಿಕೊಂಡಿದ್ದ. ಅವಳಿಗೆ ಸ್ವಲ್ಪ ಧೈರ್ಯ ಬಂತು.

"ನಿಮ್ಮದೂ ಒಂದು ಬಿದ್ದೋಗದೆ ಬುದ್ಧಿ," ಎಂದಳು. "ಸೂಜಿ ದಾರ ನನ್ ತಾವೇ ಅದೆ."

ಅವನು ಕೋಟಿನ ಮೇಲೆ ಕೈಯಿಟ್ಟುಕೊಂಡ. ಬೆಳಗ್ಗಿನಿಂದ ಸಾಹೇಬರ ಕಣ್ಣು ತಪ್ಪಿಸಿಕೊಂಡೇ ನಿಂತಿದ್ದೇನೆ ಎಂದು ತಗ್ಗಿದ ದನಿಯಲ್ಲಿ ಒಪ್ಪಿಕೊಂಡ. ಕೂಡಲೇ ಅವರಿಬ್ಬರನ್ನೂ ಹಗ್ಗದೊಳಗೆ ಬಿಟ್ಟು, ದಾರಿಬದಿಯ ಮರದ ಹಿಂದೆ ಹೋಗಿ ಕೋಟು ಬಿಚ್ಚಿ ಕೊಟ್ಟ. ಕಂಬಳಿಯಿಂದ ಒಂದನ್ನು ಬಿಡಿಸಿಕೊಡಲು ನೋಡಿದರೆ ಮೊದಲ ವರ್ಷದ ಗುಂಡಿಯ ಮೇಲೆಯೇ ರಾಮಮ್ಮನ ಕೈ ಹೋಯಿತಂತೆ. ಅದನ್ನು ಬಿಡಲು ಮನಸ್ಸಾಗದೆ ಪಕ್ಕದ್ದನ್ನು ಬಿಡಿಸಿದೆ ಎಂದು ಮುಂದೆ ನೆನೆದು ನಗುತ್ತಿದ್ದಳು. ದೊಡ್ಡ ಮೀಸೆಯ ದಫೇದಾರ ಬರಿಯ ಬನಿಯನ್ನಿನಲ್ಲಿ ಮರದ ಮರೆಗೆ ಅಂಟಿಕೊಂಡು, ಬೇಗ ಅವ್ವ, ಬೇಗ ಎನ್ನುತ್ತಿದ್ದ. ಅವಳು ಗುಂಡಿ ಹೊಲಿದು, ದಾರ ಕಚ್ಚಿ ಕೋಟು ಕೊಟ್ಟಾಗ ದೂರದಲ್ಲಿ ಬ್ಯಾಂಡು ಶುರುವಾಗಿತ್ತು.

ಅವರಿಬ್ಬರನ್ನೂ ಅವನು ಆ ಮರದ ಬುಡದಲ್ಲೇ ಕೂರಿಸಿದ. ಸವಾರಿ ಕೈಗೆಟಕುವಷ್ಟು ಹತ್ತಿರದಲ್ಲಿ ಹೋಯಿತು. ರಾಮಮ್ಮ ಕಂಡದ್ದನ್ನು ಕಂಡ ಹಾಗೆ ಅತ್ತೆಯ ಕಿವಿಯಲ್ಲಿ ಹೇಳತೊಡಗಿದಳು. ಕೆಂಪಾಜಮ್ಮ ಅವಳ ಮೊಣಕಾಲು ತಟ್ಟಿ ಸುಮ್ಮನಿರೆಂದಳು. ಗೊರಸಿನ ಸದ್ದು ನೆಲದಿಂದ ಮೈಗೇರುತ್ತಿತ್ತು. ಆನೆಗಳ ಗಂಟೆ, ಜೂಲುಗಳ ಸರಸರ, ಹಿಂದೆಯೇ ಮಲ್ಲಿಗೆ ಮತ್ತು ಬೆವರಿನ ವಾಸನೆ. ಕುದುರೆಯೊಂದು ಮರದ ಹತ್ತಿರ ನಿಂತು ಮೂಗು ಕೊಡವಿದಾಗ ಅದರ ಬಿಸಿ ಉಸಿರು ಮುದುಕಿಯ ಮುಖಕ್ಕೆ ಬಂತು. ಅವಳು ಮುಖ ತಿರುಗಿಸಲಿಲ್ಲ. ಬಾಯಿ ತೆರೆದು ಚಿಕ್ಕ ಹುಡುಗಿಯ ಹಾಗೆ ನಕ್ಕಳು.

ಎಲ್ಲ ಮುಗಿದ ಮೇಲೆ ದಫೇದಾರನನ್ನು ಕರೆದು ಲದ್ದಿಯ ವಿಷಯ ಕೇಳಿದಳು. ಹಿಂದೆಯೇ ಬುಟ್ಟಿ ಹಿಡಿದವರು ಬರುತ್ತಾರೆ, ತೋಟಗಳಿಗೆ ಗೊಬ್ಬರವಾಗುತ್ತದೆ ಎಂದು ಅವನು ವಿವರವಾಗಿ ಹೇಳಿದ. ಊರಿಗೆ ಬಂದ ಮೇಲೆ ಕೆಂಪಾಜಮ್ಮ ಎಲ್ಲಕ್ಕಿಂತ ಮೊದಲು ಹೇಳಿದ್ದು ಇದನ್ನೇ.

ಕಣ್ಣಿಲ್ಲದ ಮುದುಕಿಯೇ ಹೋಗಿ ಬಂದಳಲ್ಲ ಎಂಬ ಮಾತು ಊರೆಲ್ಲ ಆಯಿತು. ಮರುವರ್ಷ ನೆರೆಮನೆಯ ಮಲ್ಲಾಜಮ್ಮ ತಾನೂ ಬರಲೇ ಎಂದು ಕೇಳಿಕೊಂಡು ಬಂದಳು. ಅವಳ ಹಿಂದೆ ಅವಳ ನಾದಿನಿ, ಅವರಾದ ಮೇಲೆ ಕೇರಿಯ ಇನ್ನಷ್ಟು ಹೆಂಗಸರು. ಕೆಲವು ಮನೆಯ ಗಂಡಸರು ಮುಖ ಗಂಟಿಕ್ಕಿದರು. ಜೊತೆಗೆ ರಾಮಮ್ಮನಿದ್ದಾಳೆ ಎಂದರೆ ಬಹಳ ಹೊತ್ತು ಹಟ ಹಿಡಿಯಲಾಗುತ್ತಿರಲಿಲ್ಲ. ಕೆಂಪಾಜಮ್ಮ ಇನ್ನೂ ಕೆಲವು ದಸರೆಗಳಿಗೆ ಹೋದಳು. ಕಾಲು ಸೋತ ಮೇಲೆ ಮನೆಯಲ್ಲೇ ಕೂತು, ಹೋಗಿ ಬಂದವರನ್ನೆಲ್ಲ ಒಬ್ಬೊಬ್ಬರಾಗಿ ಕರೆಸಿ ಕೇಳುತ್ತಿದ್ದಳು. ಇಬ್ಬರ ಮಾತು ಕೂಡದಿದ್ದರೆ ಇಬ್ಬರನ್ನೂ ಮತ್ತೆ ಕರೆಸುತ್ತಿದ್ದಳು. ಮುದುಕಿ ತೀರಿಹೋದ ಮೇಲೂ ರಾಮಮ್ಮ ಹೆಂಗಸರನ್ನು ಕರೆದೊಯ್ಯುವುದನ್ನು ನಿಲ್ಲಿಸಲಿಲ್ಲ.

ನಮ್ಮಮ್ಮ ಮದುವೆಯಾಗಿ ದೇವನೂರಿಗೆ ಬಂದ ವರ್ಷ ರಾಮಮ್ಮ ಅವಳನ್ನೂ ಕರೆದುಕೊಂಡು ಹೋದಳಂತೆ. ನಂಜನಗೂಡಿನ ಸ್ಟೇಷನ್ನಿನಲ್ಲಿ ಹೊಗೆ ಬಿಡುತ್ತ ಬಂದ ಇಂಜಿನ್ನನ್ನು ಕಂಡು ನಮ್ಮಮ್ಮ ಹೆದರಿ ಹಿಂದೆ ಸರಿದಳು. ರಾಮಮ್ಮ ಹೆದರಬೇಡ ಎನ್ನಲಿಲ್ಲ. ಮೊದಲ ಸಲ ತನಗೂ ಹೀಗೇ ಆಗಿತ್ತು ಎಂದು ಹೇಳಿ, ರೈಲಿನ ಡಬ್ಬಿಯ ಮೆಟ್ಟಿಲು ಹತ್ತಿ ನಿಂತು ಕೈ ಚಾಚಿದಳು. ನಮ್ಮಮ್ಮನಿಗೆ ಕಿಟಕಿಯ ಪಕ್ಕದ ಜಾಗ ಸಿಕ್ಕಿತು.