ಕೆಂಪು ಬಾಳೆಯೂ ಶರಣಮ್ಮನ ಮಾರಿಯೂ

ಕಲಬುರಗಿಯಿಂದ ಬಂದ ಬಸ್ಸು ಕಮಲಾಪುರದಲ್ಲಿ ನಿಂತಾಗ ಇಳಿದೆ. ರಸ್ತೆಬದಿಯಲ್ಲಿ ಕೆಂಪು ಬಾಳೆಹಣ್ಣು ಮಾರುವ ಶರಣಮ್ಮ ನನ್ನ ಕೊರಳಲ್ಲಿದ್ದ ಕ್ಯಾಮೆರಾ ನೋಡಿ, ಅಂಗಡಿಯ ಬೋರ್ಡಿಗೆ ತಮ್ಮದೊಂದು ಫೋಟೊ ಕೇಳಿದರು. ಕಣ್ಣು ಮೊದಲು ಕೆಂಪಿಗೇ ಹೋಗುತ್ತದೆಂದು ಹೇಳಿ ಹಣ್ಣಿನ ಬುಟ್ಟಿಯನ್ನು ಮುಂದಿಟ್ಟೆ. ಹಿಂದೆ ಕೂತ ಅವರ ಮುಖವನ್ನು ಮಸುಕಾಗಿಸಿ ತೆಗೆದು ತೋರಿಸಿದೆ.

“ನನ್ನ ಮಾರಿ ಎಲ್ಲದ್ರೀ?”

ಪಕ್ಕದ ಚಹಾದವನು ನಕ್ಕ. “ಗಿರಾಕಿ ಹಣ್ಣ ನೋಡಿ ಬರ್ತಾರ ಅಕ್ಕಾ, ನಿನ್ನ ಮಾರಿ ನೋಡಿ ಅಲ್ಲ.”

“ಈ ಸಾಲಿನ್ಯಾಗ ಎಲ್ಲಾರ ಬುಟ್ಟ್ಯಾಗೂ ಹಣ್ಣ ಕೆಂಪೇ ಅವ. ಈ ಮಾರಿ ನನಗೊಬ್ಬಾಕಿಗೇ ಅದ. ನನ್ನ ಅಂಗಡಿ ಹೆಂಗ ಗುರ್ತ ಹಿಡೀಬೇಕು?”

ನಾನು ಫೋಟೊದ ನಿಯಮ ವಿವರಿಸಲು ಹೊರಟೆ. ಶರಣಮ್ಮ ಎದ್ದು ಬುಟ್ಟಿಯ ಮೇಲೆ ಗೋಣಿಚೀಲ ಹೊದಿಸಿ, ಅದರ ಮುಂದೆ ಬಂದು ಕೂತರು.

“ಈಗ ತೆಗೀರಿ. ಕಣ್ಣ ಎಲ್ಲಿಗಿ ಹೋಗ್ತಾವ ನೋಡೂಣು.”