ಕುಸುಮಳ ಪಾರ್ಲರ್‌ಗೆ ಮಸಿ ಬಿದ್ದದ್ದು

ಕುಸುಮಳ ಗಂಟಲು ದೊಡ್ಡದು. ಮಂಡ್ಯದ ಗುತ್ತಲಿನಲ್ಲಿ ಅವಳ ಬ್ಯೂಟಿ ಪಾರ್ಲರ್ ಇದ್ದ ಬೀದಿಗೆಲ್ಲ ಅದು ಗೊತ್ತಿತ್ತು. ಅಲಂಕಾರಕ್ಕೆ ಕೂತ ಮದುವಣಗಿತ್ತಿಗೆ "ಅಲ್ಲಾಡ್ಬ್ಯಾಡ ಕಣವ್ವ, ಕಣ್ಣಿಗೆ ಚುಚ್ಬುಟ್ಟಾತು" ಎಂದು ಅವಳು ಗದರಿದರೆ ಎದುರುಮನೆಯವರು ನಗುತ್ತಿದ್ದರು. ಬೈಗುಳವೂ ಅಕ್ಕರೆಯೂ ಅವಳ ಬಾಯಲ್ಲಿ ಒಂದೇ ಎತ್ತರದಲ್ಲಿ ಬರುತ್ತಿದ್ದವು. ಯಾವುದು ಯಾವುದೆಂದು ತಿಳಿಯಲು ಹೊಸಬರಿಗೆ ಸ್ವಲ್ಪ ಕಾಲ ಹಿಡಿಯುತ್ತಿತ್ತು.

ಹುಟ್ಟಿದ್ದು ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯಲ್ಲಿ, ಬೇಸಾಯದ ಮನೆಯಲ್ಲಿ. ಅಪ್ಪ ಶಿವಣ್ಣನ ಮೈಬಣ್ಣವೇ ಅವಳಿಗೂ ಬಂದಿತ್ತು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಕಾಫಿ ಕುಡಿದು ಹೋಗಿ, ಹುಡುಗಿ ಕಪ್ಪಾಯಿತು ಎಂದು ಹೇಳಿಕಳಿಸುತ್ತಿದ್ದರು. ಕೊನೆಗೂ ಆದ ಮದುವೆ ನಿಲ್ಲಲಿಲ್ಲ. ಗಂಡ ಬಿಟ್ಟುಹೋದ ಮೇಲೆ ಮಗಳು ಗಗನಳನ್ನು ಅವ್ವ ಯಶೋದಮ್ಮನ ಮಡಿಲಿಗೆ ಹಾಕಿ, ದಿನಾ ಬಸ್ಸು ಹತ್ತಿ ಮಂಡ್ಯಕ್ಕೆ ಬಂದು ಪಾರ್ಲರ್ ಕೆಲಸ ಕಲಿತಳು. ಸ್ವಂತ ಅಂಗಡಿ ಹಾಕಿದ ಹೊಸತರಲ್ಲಿ ಮುಖ ಬೆಳ್ಳಗಾಗುವ ಕ್ರೀಮಿನ ಪೋಸ್ಟರ್ ಅಂಟಿಸಲು ಏಜೆಂಟನೊಬ್ಬ ಬಂದಿದ್ದ. "ಮೊದ್ಲು ನನ್ನ ಮುಕ ನೋಡಪ್ಪ. ಇದುನ್ನ ಬೆಳ್ಳುಗ್ ಮಾಡ್ಬುಟ್ಟು ಆಮ್ಯಾಕೆ ಗೋಡೆಗೆ ಅಂಟ್ಸು" ಎಂದು ಅವನನ್ನು ಬಾಗಿಲಿಂದಲೇ ಅಟ್ಟಿದ್ದಳು.

ಅಂಗಡಿ ಇದ್ದದ್ದು ನಿವೃತ್ತ ಮೇಷ್ಟ್ರು ಸಂಪತ್ ಕುಮಾರರ ಕಟ್ಟಡದಲ್ಲಿ, ಬೀದಿಗೇ ತೆರೆದುಕೊಂಡ ಕೆಳಮನೆಯಲ್ಲಿ. ಮೇಷ್ಟ್ರ ಕುಟುಂಬ ಮಹಡಿಯ ಮೇಲೆ. ಅವರ ಮಗಳು ತನ್ಮಯಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಹುಬ್ಬು ತಿದ್ದಿಸಿಕೊಳ್ಳಲು ಮೆಟ್ಟಿಲಿಳಿದು ಬರುತ್ತಿದ್ದವಳು. ಅನ್ಯಾಯ ಕಂಡಲ್ಲಿ ಬರೆಯುತ್ತೇನೆ ಎಂದು ಫೇಸ್‌ಬುಕ್ಕಿನಲ್ಲಿ ಒಂದು ಪೇಜು ಇಟ್ಟುಕೊಂಡಿದ್ದಳು. ಅದನ್ನು ಸಾವಿರಾರು ಜನ ಓದುತ್ತಿದ್ದರು.

ಕೆಲಸಕ್ಕೆ ಮಣಿಪುರದ ಹುಡುಗಿ ಲಿಂಥೋಯ್ ಸೇರಿದಾಗ ಕುಸುಮಳಿಗೆ ಮಣಿಪುರ ಎಲ್ಲಿದೆ ಎಂಬುದೂ ಸರಿಯಾಗಿ ಗೊತ್ತಿರಲಿಲ್ಲ. ಮೊದಲ ವಾರ ಅವ್ವನ ಜೊತೆ ಫೋನಿನಲ್ಲಿ ಮಾತಾಡುತ್ತ, "ಒಂದ್ ಚೀನಾದ ಉಡ್ಗಿ ಬಂದದೆ ಕಣವ್ವ, ಕೈ ಬೋ ನಯ" ಎಂದಳು. ಹತ್ತಿರದಲ್ಲೇ ಟವೆಲು ಮಡಿಸುತ್ತಿದ್ದ ಹುಡುಗಿಗೆ ಆ ಒಂದು ಪದ ಸಾಕಾಯಿತು. ಟವೆಲು ಕೆಳಗಿಟ್ಟು ಹಿಂದಿಯಲ್ಲಿ, ನಾನು ಚೀನಾದವಳಲ್ಲ, ನೀವು ಎಲ್ಲಿಯವರೋ ನಾನೂ ಅದೇ ದೇಶದವಳು ಎಂದಳು. ಅವಳ ಗದ್ದ ನಡುಗುತ್ತಿತ್ತು. ಕುಸುಮಳಿಗೆ ಹೆಣ್ಣು ನೋಡಲು ಬಂದವರ ಮುಖಗಳೆಲ್ಲ ಒಮ್ಮೆಗೇ ಕಣ್ಣೆದುರು ಬಂದವು. "ತಪ್ಪಾಯ್ತು ಕಣವ್ವ" ಎಂದಳು. ಆಮೇಲೆ ಆ ಪದ ಅವಳ ಬಾಯಲ್ಲಿ ಬರಲಿಲ್ಲ. ಒಂದೆರಡು ವರ್ಷದಲ್ಲಿ ಲಿಂಥೋಯ್ ಪಕ್ಕಾ ಮಂಡ್ಯದವಳಂತೆ "ಬುಡಕ್ಕ ಅತ್ಲಾಗೆ" ಎನ್ನುವಷ್ಟು ಕನ್ನಡ ಕಲಿತಳು. ಯುಗಾದಿಗೆ ಬೆಸಗರಹಳ್ಳಿಗೂ ಹೋಗಿ ಬಂದಳು.

ಗಲಾಟೆ ಶುರುವಾದದ್ದು ಒಂದು ಮದುವೆ ಸೀಸನ್ನಿನಲ್ಲಿ. ಅರುಂಧತಿ ಎಂಬ ಹೆಂಗಸು ತನ್ನ ನೆಂಟರ ಗುಂಪು ಕಟ್ಟಿಕೊಂಡು ಅಲಂಕಾರಕ್ಕೆ ಬಂದಿದ್ದಳು. ಲಿಂಥೋಯ್ ಮುಖಕ್ಕೆ ಕೈ ಹಾಕಲು ಬಂದಾಗ ಅರುಂಧತಿ ತಲೆ ಹಿಂದಕ್ಕೆಳೆದುಕೊಂಡಳು.

"ಈ ಚೀನಾದವಳ ಕೈಲಿ ಬೇಡ. ಏನೇನ್ ತಿಂದಿರ್ತಾರೋ ಏನೋ, ಮುಖ ಮುಟ್ಟಿಸ್ಕೊಳ್ಳೋಕಾಗಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಕುಸುಮಳ ಕೈಲಿದ್ದ ಬ್ರಷ್ಷು ಮೇಜಿನ ಮೇಲೆ ಬಿತ್ತು. ಲಿಂಥೋಯ್ ಕಡೆ ಕೈ ತೋರಿಸಿಕೊಂಡೇ ಕೂಗಿದಳು: "ಇವ್ಳು ಚೀನಾದವ್ಳಾ? ಚೀನಾದವ್ಳು! ಎದ್ದೋಗು ಇಲ್ಲಿಂದ! ನಿನ್ನಂತೋರ್ಗೆ ನನ್ನ ಅಂಗ್ಡೀಲಿ ಜಾಗ ಇಲ್ಲ!"

ಅರುಂಧತಿಯ ಗುಂಪು ದುಸುಮುಸು ಎನ್ನುತ್ತ ಎದ್ದು ಹೋಯಿತು. ಆ ವಾರವೇ ಲಿಂಥೋಯ್‌ಗೆ ಊರಿಂದ ಕರೆ ಬಂತು. ಅಲ್ಲಿ ಗಲಭೆ, ತಾಯಿ ಒಬ್ಬಳೇ. ಕುಸುಮ ಸ್ಟೇಷನ್ನಿಗೆ ಹೋಗಿ, ದಾರಿಗೆ ಚಟ್ನಿಪುಡಿ ರೊಟ್ಟಿ ಕಟ್ಟಿಕೊಟ್ಟು ರೈಲು ಹತ್ತಿಸಿ ಬಂದಳು. ತಲುಪಿದೆ ಎಂದು ಒಂದು ಮೆಸೇಜು ಬಂತು. ಆಮೇಲೆ ಅಲ್ಲಿ ಇಂಟರ್‌ನೆಟ್ಟು ನಿಂತುಹೋಯಿತು, ಫೋನೂ ಸಿಗಲಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ಮೈಸೂರಿನಲ್ಲಿ ಓದುತ್ತಿದ್ದ ಗಗನ ಅಳುತ್ತ ಫೋನು ಮಾಡಿದಳು. "ಅಮ್ಮ, ನಿನ್ನ ವಿಡಿಯೋ ಎಲ್ಲಾ ಕಡೆ ಓಡ್ತಾ ಐತೆ."

ಬೆಂಚಿನ ಮೇಲಿಂದ ತೆಗೆದ ಪುಟ್ಟ ತುಣುಕು. ಶುರುವಾಗುವುದೇ "ಚೀನಾದವ್ಳು!" ಎಂಬಲ್ಲಿಂದ. ಅರುಂಧತಿಯ ಮಾತಿಲ್ಲ, ಮುಖವೂ ಇಲ್ಲ. ಕಾಣುವುದು ತಲೆ ತಗ್ಗಿಸಿ ನಿಂತ ಲಿಂಥೋಯ್, ಅವಳತ್ತ ಕೈ ಚಾಚಿ ಅರಚುತ್ತಿರುವ ಕುಸುಮ. ಕೆಳಗೆ ಯಾರೋ ಬರೆದಿದ್ದರು: ಈಶಾನ್ಯದ ಹುಡುಗಿಯನ್ನು ಹೊಡೆದು ಬೀದಿಗೆ ತಳ್ಳಿದ ಪಾರ್ಲರ್ ಒಡತಿ, ಹುಡುಗಿ ಈಗ ಎಲ್ಲಿದ್ದಾಳೋ ಯಾರಿಗೂ ಗೊತ್ತಿಲ್ಲ. ಅದನ್ನು ಊರೆಲ್ಲ ನೋಡುವಂತೆ ಮಾಡಿದ್ದು ತನ್ಮಯಿಯ ಪೇಜು. "ಈಕೆಯನ್ನು ನಾನು ಬಲ್ಲೆ. ಇದು ನಮ್ಮದೇ ಕಟ್ಟಡದ ಕೆಳಗೆ ನಡೆದಿದೆ ಎನ್ನಲು ನಾಚಿಕೆಯಾಗುತ್ತದೆ" ಎಂದು ಅವಳು ಸೇರಿಸಿದ್ದಳು. ಆ ಒಂದು ಸಾಲಿನಿಂದ ಮಿಕ್ಕದ್ದೆಲ್ಲ ನಿಜವಾಗಿಹೋಯಿತು.

ಮಧ್ಯಾಹ್ನದ ಹೊತ್ತಿಗೆ ಫೋನು ಕೈಯಲ್ಲಿ ಹಿಡಿಯಲಾಗದಂತಾಯಿತು. ಎಲ್ಲಿಯವರೋ ಏನೋ, ಒಬ್ಬೊಬ್ಬರೂ ಬೈಯಲೆಂದೇ ಫೋನು ಮಾಡುತ್ತಿದ್ದರು. ಜನಾಂಗದ ಹೆಸರಲ್ಲಿ ಬೈದಳೆಂದು ಅವಳ ಮೇಲೆ ಸಿಟ್ಟಾಗಿದ್ದವರೇ, "ನಿನ್ನ ಮುಸುಡಿ ಕನ್ನಡೀಲಿ ನೋಡ್ಕೊಂಡಿದ್ದೀಯೇನೇ ಕರೀ ಎಮ್ಮೆ" ಎಂದು ಕೇಳಿದರು. ಮುಂಗಡ ಕೊಟ್ಟಿದ್ದ ಮದುವೆ ಮನೆಯವರು ಬೇರೆ ಕಡೆ ಹೋದರು. ಮಾರನೆಯ ದಿನ ಹುಡುಗರ ಗುಂಪೊಂದು ಬಂದು ಧಿಕ್ಕಾರ ಕೂಗಿ, ಅಂಗಡಿಯ ಬೋರ್ಡಿಗೆ ಮಸಿ ಎರಚಿತು. ಕುಸುಮ ಹೊರಗೆ ಬಂದು, "ಯಾವನ್ಲಾ ಅವ್ನು? ಆ ಉಡ್ಗಿ ಎಸ್ರು ಏಳ್ಲಾ ನೋಡವ!" ಎಂದಳು. ಒಬ್ಬನಿಗೂ ಹುಡುಗಿಯ ಹೆಸರು ಗೊತ್ತಿರಲಿಲ್ಲ. ಆದರೆ ಎಲ್ಲರ ಕೈಲೂ ಫೋನಿತ್ತು. ಆ ಸಂಜೆ ಓಡಿದ್ದು ಅವಳು ಅವರನ್ನು ಗದರುತ್ತಿದ್ದ ವಿಡಿಯೋ, 'ಇನ್ನೂ ಇಳಿಯದ ದರ್ಪ' ಎಂಬ ತಲೆಬರಹದೊಂದಿಗೆ.

ತನ್ಮಯಿ ಕೆಳಗಿಳಿದು ಬಂದದ್ದು ಆಮೇಲೆ. ಒಬ್ಬಳೇ ಬರಲಿಲ್ಲ, ಮುಂದೆ ಫೋನು ಹಿಡಿದುಕೊಂಡು, ಲೈವ್ ಹಾಕಿಕೊಂಡು ಬಂದಳು.

"ಆಂಟಿ, ನೇರವಾಗಿ ಕೇಳ್ತೀನಿ. ಆ ಹುಡುಗೀನ ನೀವು ಯಾವತ್ತಾದ್ರೂ ಚೀನಾದವಳು ಅಂದಿದ್ದೀರಾ? ಹೌದೋ ಇಲ್ವೋ?"

ಇಲ್ಲ ಎನ್ನಬಹುದಿತ್ತು. ಯಾರೂ ಸಾಕ್ಷಿ ಇರಲಿಲ್ಲ. ಆದರೆ ಕುಸುಮಳಿಗೆ ಟವೆಲು ಕೆಳಗಿಟ್ಟು ಗದ್ದ ನಡುಗಿಸುತ್ತ ನಿಂತವಳ ನೆನಪಾಯಿತು.

"ಒಂದ್ ಸಲ ಅಂದಿವ್ನಿ. ವಸ್ದಾಗಿ ಬಂದಾಗ, ನನ್ಗೆ ಗೊತ್ತಿರ್ನಿಲ್ಲ. ಆಮ್ಯಾಕೆ ಅವ್ಳೇ—"

"ಕೇಳಿಸ್ಕೊಂಡ್ರಲ್ಲ" ಎಂದಳು ತನ್ಮಯಿ, ಕುಸುಮಳಿಗಲ್ಲ, ಫೋನಿಗೆ. ಲೈವ್ ಆರಿಸಿದಳು.

"ಪೂರ್ತಿ ಕೇಳಮ್ಮಯ್ಯ!"

"ಇನ್ನೇನ್ ಕೇಳೋದು ಆಂಟಿ? ದಿನಾ ಮೇಲಿಂದ ಕೇಳಿಸ್ಕೊತೀನಲ್ಲ ನಿಮ್ಮ ಬಾಯಿ" ಎನ್ನುತ್ತ ಅವಳು ಮೆಟ್ಟಿಲು ಹತ್ತಿಹೋದಳು.

'ತಪ್ಪೊಪ್ಪಿಕೊಂಡ ಒಡತಿ' ಎಂದು ಅದೂ ಓಡಿತು. ಪೊಲೀಸರು ಕರೆಸಿದರು. ಹುಡುಗಿ ಊರು ತಲುಪಿದ ಮೆಸೇಜು ತೋರಿಸಿದ್ದಕ್ಕೆ ಬರೆದುಕೊಂಡು ಕಳಿಸಿದರು. ಸಂಪತ್ ಕುಮಾರರು ಬಾಗಿಲ ಹೊರಗೇ ನಿಂತು, "ನೋಡಮ್ಮ, ನೀನು ಕೆಟ್ಟವಳು ಅಂತ ನಾನು ಹೇಳ್ತಿಲ್ಲ. ಆದ್ರೆ ಮಸಿ ಬಿದ್ದಿರೋದು ನನ್ನ ಕಟ್ಟಡಕ್ಕೂ ತಾನೇ? ಬೇರೆ ಕಡೆ ನೋಡ್ಕೊ" ಎಂದರು.

"ನಿಮ್ಮ ಮಗ್ಳುನ್ನ ಒಂದ್ ಮಾತು ಕೇಳಿ ಮೇಷ್ಟ್ರೇ, ಬರ್ಯೋಕ್ ಮುಂಚೆ ಯಾಕೆ ಕೆಳಕ್ ಬರ್ನಿಲ್ಲ ಅಂತ."

ಮೇಷ್ಟ್ರು ಚಪ್ಪಲಿ ನೋಡಿಕೊಂಡರು. ಕುಸುಮ ಕುರ್ಚಿ ಕನ್ನಡಿಗಳನ್ನು ಗಾಡಿಗೆ ಹೇರಿಸಿಕೊಂಡು ಬೆಸಗರಹಳ್ಳಿಗೆ ಬಂದಳು. ಊರಿಗೂ ಮಾತು ಮುಟ್ಟಿತ್ತು. ಬಸ್ಸಿನಲ್ಲಿ ಪಕ್ಕದ ಸೀಟಿನವರು ಫೋನು ನೋಡುವುದು, ಅವಳ ಮುಖ ನೋಡುವುದು, ಮತ್ತೆ ಫೋನು ನೋಡುವುದು. ಒಂದು ದಿನ ತಡೆಯಲಾರದೆ ಒಬ್ಬಳ ಫೋನು ಕಿತ್ತುಕೊಂಡು ಕಿಟಕಿಯಾಚೆ ಎಸೆಯಲು ಹೋದವಳು ಸುಮ್ಮನೆ ಮರಳಿ ಕೊಟ್ಟಳು. ಅವಳು ನೋಡುತ್ತಿದ್ದದ್ದು ಯಾರದೋ ಮಗುವಿನ ನಾಮಕರಣದ ಫೋಟೋ.

ಮಣಿಪುರದಲ್ಲಿ ನೆಟ್ಟು ಬಂದ ದಿನ ಲಿಂಥೋಯ್ ವಿಡಿಯೋ ಕಾಲ್ ಮಾಡಿದಳು. ಎಲ್ಲ ನೋಡಿದ್ದಳು.

"ಅಕ್ಕ, ನನ್ನ ಯಾರೂ ಕೇಳ್ಲಿಲ್ಲ. ನನ್ನ ಫೋಟೋ ಹಾಕವ್ರೆ, ನನ್ನ ಪರ ಅಳ್ತಾವ್ರೆ, ನನ್ನ ಕೇಳ್ಲಿಲ್ಲ."

ಕನ್ನಡದಲ್ಲೂ ಹಿಂದಿಯಲ್ಲೂ ನಡೆದದ್ದನ್ನೆಲ್ಲ ಹೇಳಿ ವಿಡಿಯೋ ಮಾಡಿ ಕಳಿಸಿದಳು. ಮೊದಲ ವಾರದ ಮಾತನ್ನೂ ಅದಕ್ಕೆ ಅಕ್ಕ ಕೇಳಿದ ಕ್ಷಮೆಯನ್ನೂ ಬಿಡಲಿಲ್ಲ. ಗಗನ ಅದನ್ನು ಹಾಕಿದಳು. ಒಂದಿಷ್ಟು ಜನ ನೋಡಿದರು. ಹೆದರಿಸಿ ಹೇಳಿಸಿದ್ದಾರೆ ಎಂದು ಕೆಲವರು ಬರೆದರು. ಮಿಕ್ಕವರು ಅಷ್ಟರಲ್ಲಿ ಬೇರೆ ಯಾರ ಮೇಲೋ ಸಿಟ್ಟಾಗಿದ್ದರು. ತನ್ಮಯಿ ತನ್ನ ಬರಹ ಅಳಿಸಿ, 'ಹೊಸ ಮಾಹಿತಿ ಬಂದ ಹಿನ್ನೆಲೆಯಲ್ಲಿ' ಎಂದು ಒಂದು ಸಾಲು ಹಾಕಿದಳು. ಕುಸುಮಳ ಹೆಸರು ಅದರಲ್ಲಿ ಇರಲಿಲ್ಲ.

ಗಗನ ಬೆಂಕಿಯಾಗಿದ್ದಳು. ಅರುಂಧತಿಯ ಫೋಟೋ, ಅವಳ ಮದ್ದೂರಿನ ಮನೆಯ ವಿಳಾಸ, ಗಂಡನ ಅಂಗಡಿಯ ವಿಳಾಸ ಎಲ್ಲ ಹುಡುಕಿ, ಬರೆದು ಸಿದ್ಧಮಾಡಿಕೊಂಡು ಬೆಸಗರಹಳ್ಳಿಗೆ ಬಂದಳು. "ವಿಡಿಯೋ ಬುಟ್ಟಿದ್ದೇ ಅವ್ಳು ಕಣಮ್ಮ. ಇವತ್ತು ಹಾಕ್ತೀನಿ. ಅವ್ಳೂ ಉಣ್ಲಿ."

ಕುಸುಮಳಿಗೂ ಅದೇ ಬೇಕಿತ್ತು. ಆ ಹೆಂಗಸಿನ ಮನೆ ಮುಂದೆಯೂ ಹುಡುಗರು ಕೂಗುವುದನ್ನು ಅವಳು ಎಷ್ಟೋ ಸಲ ಮನಸ್ಸಿನಲ್ಲೇ ನೋಡಿ ಸುಖಪಟ್ಟಿದ್ದಳು. ಆದರೂ, "ತಾಳು, ಒಸಿ ಓಗ್ಬತ್ತೀನಿ" ಎಂದು ಸೀರೆ ಬದಲಿಸಿ ಬಸ್ಸು ಹತ್ತಿದಳು.

ಮದ್ದೂರಿನಲ್ಲಿ ಅರುಂಧತಿ ಬಾಗಿಲು ತೆಗೆದವಳೇ ಬೆಚ್ಚಿಬಿದ್ದಳು.

"ವಿಡಿಯೋ ಬುಟ್ಟಿದ್ದು ನೀನಾ?"

"ನಾನಲ್ಲ. ದೇವ್ರಾಣೆಗೂ ನಾನಲ್ಲ."

"ಮತ್ತ್ಯಾರು?"

"ಬೆಂಚಿನ ಮೇಲೆ ಏಳೆಂಟು ಜನ ಕೂತಿದ್ರು. ಯಾರು ತೆಗೆದ್ರೋ, ಯಾರು ಕತ್ತರಿಸಿದ್ರೋ, ನಂಗೆ ಗೊತ್ತಿಲ್ಲ."

"ನೀನು ಆ ಉಡ್ಗೀಗೆ ಅಂದಿದ್ದು?"

"ಅಂದೆ."

"ನನ್ ಮ್ಯಾಲೆ ಮಸಿ ಬಿದ್ದಾಗ ಬಾಯಿ ಬುಟ್ಯಾ? ನಾನಂದಿದ್ದು, ಅವ್ಳಂದಿದ್ದಲ್ಲ ಅಂತ ಒಬ್ರುಗಾರ ಏಳ್ದ್ಯಾ?"

ಅರುಂಧತಿ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಒಳಗೆ ಬನ್ನಿ ಎಂದಳು. ಕುಸುಮ ಹೊಸಿಲು ದಾಟಲಿಲ್ಲ. "ಆ ಉಡ್ಗಿ ನಂಬರ್ ಕೊಡ್ತೀನಿ. ಅವ್ಳತ್ರ ಮಾತಾಡು. ನನ್ನತ್ರ ಏನೂ ಬ್ಯಾಡ" ಎಂದು ಹೇಳಿ, ನಂಬರು ಬರೆದುಕೊಟ್ಟು ಬಂದಳು. ಅರುಂಧತಿ ಆ ನಂಬರಿಗೆ ಇದುವರೆಗೂ ಫೋನು ಮಾಡಿಲ್ಲ.

ಮನೆಗೆ ಬಂದು ಮಗಳಿಗೆ, "ಅಳ್ಸಾಕು ಅದ್ನ" ಎಂದಳು.

"ಅವ್ಳು ಸುಳ್ಳೇಳಿದ್ರೆ?"

"ಏಳಿರ್ಬೋದು. ಅವ್ಳ ಬಾಯಿ ಕೊಳಕು, ಅದು ನಂಗೊತ್ತು. ವಿಡಿಯೋ ಬುಟ್ಟಿದ್ದು ಅವ್ಳೇ ಅಂತ ನಂಗೊತ್ತಿಲ್ಲ. ಗೊತ್ತಿಲ್ದಿದ್ದುನ್ನ ಬರೀಬ್ಯಾಡ." ಗಗನ ಸಿಟ್ಟಿನಲ್ಲಿ ಉಣ್ಣದೆ ಎದ್ದು ಹೋದಳು. ಕುಸುಮಳಿಗೂ ಅನ್ನ ಸೇರಲಿಲ್ಲ.

ಒಂದು ಭಾನುವಾರ ತನ್ಮಯಿ ಹಣ್ಣಿನ ಚೀಲ ಹಿಡಿದು ಬೆಸಗರಹಳ್ಳಿಗೇ ಬಂದಳು. ಯಶೋದಮ್ಮ ಚಾಪೆ ಹಾಸಿ ಕೂರಿಸಿದಳು.

"ಆಂಟಿ, ತುಂಬ ತಪ್ಪಾಯ್ತು. ಆಗ ಒಳ್ಳೇದಕ್ಕೇ ಅಂದ್ಕೊಂಡು..."

"ಒಳ್ಳೇದು ಯಾರ್ಗಾಯ್ತು? ಲಿಂತೋಯ್ಗಾ, ನಂಗಾ?"

ತನ್ಮಯಿಯ ಕಣ್ಣು ತುಂಬಿತು. "ಕ್ಷಮಿಸ್ತೀನಿ ಅಂತ ಒಂದು ಮಾತು ಹೇಳಿ ಆಂಟಿ."

"ಏಳಲ್ಲ. ಅದು ಬಂದ್ರೆ ಬತ್ತದೆ, ಬರ್ದಿದ್ರೆ ಇಲ್ಲ. ನೀನು ಕೇಳ್ದಾಗ ನಂಗೆ ಸುಳ್ಳೇಳಕ್ಕಾಗ್ನಿಲ್ಲ, ಈಗ್ಲೂ ಆಗಕ್ಕಿಲ್ಲ. ಅವ್ವ ಕಾಪಿ ಕೊಡ್ತದೆ, ಕುಡ್ಕೊಂಡೋಗು."

ತನ್ಮಯಿ ಕಾಫಿ ಕುಡಿದು ಹೋದಳು. ಹಣ್ಣಿನ ಚೀಲವನ್ನು ಕುಸುಮ ಅವಳ ಹಿಂದೆಯೇ ಒಯ್ದು, ಬಸ್ಸಿನೊಳಗೆ ಅವಳ ಮಡಿಲಲ್ಲಿಟ್ಟು ಬಂದಳು.

ಈಗ ಅವಳ ಅಂಗಡಿ ಮಳವಳ್ಳಿಯಲ್ಲಿದೆ, ಬಟ್ಟೆ ಅಂಗಡಿಯೊಂದರ ಪಕ್ಕದ ಸಣ್ಣ ಕೋಣೆಯಲ್ಲಿ. ಲಿಂಥೋಯ್ ವಾಪಸು ಬರಲಿಲ್ಲ. ಗುವಾಹಟಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ, ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಗಿರಾಕಿಗಳು ಮೊದಲಿನಷ್ಟಿಲ್ಲ. ಮೊನ್ನೆ ಮದುವೆ ಹುಡುಗಿಯ ಸೋದರತ್ತೆಯೊಬ್ಬಳು ಫೋನು ಕೈಲಿ ಹಿಡಿದು ಬಾಗಿಲಲ್ಲೇ ನಿಂತು, "ಮಂಡ್ಯದ ಆ ವಿಡಿಯೋದಲ್ಲಿ ಇರೋಳು ನೀವೇನಾ?" ಎಂದು ಕೇಳಿದಳು. ಕೇಳುತ್ತಲೇ ಅರ್ಧ ಹಿಂದಕ್ಕೆ ತಿರುಗಿದ್ದಳು.

"ನಾನೇಯ" ಎಂದಳು ಕುಸುಮ, ಅವಳ ಮುಖವನ್ನೇ ದುರುಗುಟ್ಟಿ ನೋಡುತ್ತ. "ಏನಾಯ್ತು ಅಂತ ಕೇಳ್ಬೇಕಾ, ಬ್ಯಾಡ್ವಾ?"

ಹೆಂಗಸು ಒಂದು ಗಳಿಗೆ ಅನುಮಾನಿಸಿದಳು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಳು.