ಮೇಲಿನ ಮನೆ ಸರ್ ಮತ್ತು ಅವರ ಬಲಗೈ

ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ ಸದಾ ಒಂದನ್ನೊಂದು ಉಜ್ಜುತ್ತಲೇ ಇರುತ್ತಿದ್ದವು. ಪಾರ್ಕಿನ್ಸನ್ ಕಾಯಿಲೆ. ತುಂಬಿದ ಲೋಟ ಎತ್ತಿದರೆ ಅಂಗಿಗೆ ಅಭಿಷೇಕ. ಹಾಗಾಗಿ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿದ್ದ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನವನು ಅವರ ತೆ ತಾರಿಕ್ ಎಂಬ ಹಾಲಿನ ಚಾವನ್ನು ಕೇಳದೆಯೇ ಎರಡು ಲೋಟಕ್ಕೆ ಅರ್ಧರ್ಧ ಸುರಿದು ತರುತ್ತಿದ್ದ. "ಒಂದು ಚಾ ಹೇಳಿ ಎರಡು ಲೋಟ ಕುಡಿಯುವವ ಇಡೀ ಮೆಲಾಕಾದಲ್ಲಿ ನಾನೊಬ್ಬನೇ ಮಾರಾಯ್ರೆ" ಎಂದು ಅವರು ಜಂಬಪಡುತ್ತಿದ್ದರು. ನನ್ನ ಮಗಳ ಪಾಲಿಗೆ ಅವರು ‘ಹಾಫ್ ಟೀ ಅಂಕಲ್’.

ಮೈಸೂರಿನಿಂದ ಮಲೇಷ್ಯಾಕ್ಕೆ ಬಂದ ನನಗೂ ನನ್ನ ಗಂಡನಿಗೂ ಅವರು ಮೇಲಿನ ಮನೆ ಸರ್. ಊರು ಉಡುಪಿ ಕಡೆ. ಇಲ್ಲಿನ ಮೆಡಿಕಲ್ ಕಾಲೇಜೊಂದರಲ್ಲಿ, ಗರ್ಭದಲ್ಲಿ ಮಗು ಹೇಗೆ ರೂಪುಗೊಳ್ಳುತ್ತದೆ ಎಂಬ ಪಾಠ ಮಾಡುತ್ತಿದ್ದರು. ಹರೆಯದಲ್ಲಿ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರಂತೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಪಾತ್ರವಾಗಿ ವಾದಿಸುವ ಕಲೆ ಅದು. ಇವತ್ತು ಕೃಷ್ಣನಾದವನು ನಾಳೆ ಕೌರವನಾಗಿ ಅಷ್ಟೇ ಗಟ್ಟಿಯಾಗಿ ಮಾತಾಡಬೇಕು. ಸಮುದ್ರ ದಾಟಿದರೂ ಆ ಚಟ ಅವರನ್ನು ಬಿಡಲಿಲ್ಲ.

ಒಂದು ದೀಪಾವಳಿ ಕೂಟದಲ್ಲಿ, ಅಂತ್ಯಾಕ್ಷರಿ ಆಡಿ ಬೇಜಾರಾದ ಕನ್ನಡದವರ ಮುಂದೆ, ಅವರು ಹೊಸ ಪ್ರಸಂಗವೊಂದನ್ನು ಕಟ್ಟಿದರು. ಐವಿಎಫ್ ಚಿಕಿತ್ಸೆಯಲ್ಲಿ ಉಳಿದ ಭ್ರೂಣಗಳನ್ನು ಒಡೆದು, ಅವುಗಳ ಸ್ಟೆಮ್ ಸೆಲ್‌ನಿಂದ ಕಾಯಿಲೆಗಳಿಗೆ ಮದ್ದು ಹುಡುಕಬಹುದೇ ಎಂಬುದು ವಾದ. ಡಾಕ್ಟರೊಬ್ಬರದು ರೋಗಿಯ ಪಾತ್ರ. ಸರ್ ಭ್ರೂಣ. ಆರಡಿ ಎತ್ತರದ ಬೋಳುತಲೆಯ ಆಸಾಮಿ ಚಕ್ಕಳಮಕ್ಕಳ ಹಾಕಿ ಕೂತು, "ನಾನು ಸಾಸಿವೆಗಿಂತ ಸಣ್ಣವ" ಎಂದು ಶುರುಮಾಡಿದಾಗ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವರು ನಗಲಿಲ್ಲ. "ನನಗೆ ಬಾಯಿಲ್ಲ, ಓಟಿಲ್ಲ, ನೋವಾಯ್ತು ಅಂತ ಹೇಳ್ಲಿಕ್ಕೆ ನರವೂ ಇಲ್ಲ. ಅಷ್ಟಕ್ಕೇ ನಾನು ಯಾರದ್ದೂ ಅಲ್ಲ ಅಂತ ಹೇಗೆ ತೀರ್ಮಾನ ಮಾಡಿದಿರಿ?"

ಕೂಟ ಮುಗಿದ ಮೇಲೆ ಇಬ್ಬರು ಹಿರಿಯರು ಬಂದು ಅವರ ಕೈ ಕುಲುಕಿದರು. ಇಂಥ ಪಾಪದ ಸಂಶೋಧನೆ ನಿಲ್ಲಲೇಬೇಕು, ಅದಕ್ಕೊಂದು ಸಭೆ ಮಾಡುತ್ತೇವೆ, ನೀವೇ ಭಾಷಣ ಮಾಡಬೇಕು ಎಂದರು. "ಅಗತ್ಯ ಬರ್ತೇನೆ. ಆದರೆ ರೋಗಿಯ ಅರ್ಥ ಹೇಳುವವರನ್ನೂ ನೀವೇ ಕರೆಸ್ಬೇಕು, ನನ್ನನ್ನು ಸೋಲಿಸುವಂಥವರನ್ನೇ. ಎದುರಾಳಿ ಇಲ್ಲದ ಆಟಕ್ಕೆ ನಾನು ಕೂರುದಿಲ್ಲ" ಎಂದರು ಸರ್. ಆ ಸಭೆ ಆಮೇಲೆ ನಡೆದ ಸುದ್ದಿಯಿಲ್ಲ.

ಅಂದು ಎಲ್ಲರ ಜೊತೆ ನಕ್ಕರೂ ನನ್ನ ನಗುವೇ ಮೊದಲು ನಿಂತಿತ್ತು. ನನ್ನ ಮಗಳು ಹುಟ್ಟಿದ್ದು ಐವಿಎಫ್‌ನಿಂದ. ಅವಳ ಜೊತೆಗೇ ಆದ ಮೂರು ಭ್ರೂಣಗಳು ಕೌಲಾಲಂಪುರದ ಕ್ಲಿನಿಕ್ಕೊಂದರಲ್ಲಿ ಹಿಮಗಟ್ಟಿ ಕೂತಿದ್ದವು. ನಮಗೆ ಇನ್ನೊಂದು ಮಗು ಬೇಡವಾಗಿತ್ತು. ಅವನ್ನು ಇಟ್ಟುಕೊಳ್ಳುತ್ತೀರೋ, ಬಿಸಾಡಬೇಕೋ, ಸಂಶೋಧನೆಗೆ ಕೊಡುತ್ತೀರೋ ಎಂದು ಕ್ಲಿನಿಕ್ಕಿನವರು ಕೇಳುತ್ತಿದ್ದರು. ನನ್ನ ಗಂಡ ಕೊಡೋಣ ಎನ್ನುತ್ತಿದ್ದ. ನನಗೆ ಆ ಮಾತು ಕೇಳಿದರೇ ಮೈಯುರಿ. ಕ್ಲಿನಿಕ್ಕಿನಿಂದ ಫೋನ್ ಬಂದ ದಿನವೆಲ್ಲ ನಮ್ಮ ಮನೆಯಲ್ಲಿ ಕುರುಕ್ಷೇತ್ರವೇ.

ಹಾಗೊಂದು ಭಾನುವಾರ ನಮ್ಮ ಕೂಗಾಟ ಬಾಲ್ಕನಿ ಹತ್ತಿ ಮೇಲಕ್ಕೆ ಹೋಗಿರಬೇಕು. ಸರ್ ಖಾಲಿ ಬಿಸ್ಕತ್ತಿನ ಡಬ್ಬಿ ಹಿಡಿದು ಇಳಿದು ಬಂದರು. ಡಬ್ಬಿಯ ಮೇಲೆ ಬಲಗೈ ಇಟ್ಟರು, ಅದು ತಾನಾಗಿ ಬಡಿಯತೊಡಗಿತು. "ಮದ್ದಳೆಗೆ ಜನ ಸಿಕ್ಕಿತು. ಈಗ ನೀನು ಅವನ ಅರ್ಥ ಹೇಳು ಮಾರಾಯ್ತಿ. ಅವ ನಿನ್ನದು ಹೇಳ್ಲಿ."

ನಾನು ಸಿಟ್ಟಿನಲ್ಲೇ ಗಂಡನಾದೆ. "ಐಸಲ್ಲಿ ಕೂತಿರೋದನ್ನ ಬದುಕು ಅಂತಾರಾ? ಯಾರಿಗೋ ಕೈಕಾಲು ಬರೋ ಹಾಗಿದ್ರೆ ಬರ್ಲಿ ಬಿಡು" ಎಂದೆ. ಹೇಳುತ್ತಾ ಹೇಳುತ್ತಾ, ಇವನ ಮಾತಿನಲ್ಲಿ ಕರುಣೆಯೂ ಇದೆಯಲ್ಲ ಅನ್ನಿಸಿ ನನಗೇ ಕಸಿವಿಸಿಯಾಯಿತು.

ನನ್ನ ಗಂಡ ನನ್ನ ಹಾಗೆ ಸೊಂಟಕ್ಕೆ ಕೈಯಿಟ್ಟು ತಮಾಷೆಯಾಗಿಯೇ ಶುರುಮಾಡಿದ. "ನಮ್ಮ ಮಗಳನ್ನ ಆರಿಸ್ಕೊಂಡ ದಿನ ಅವೂ ಅವಳ ಪಕ್ಕದಲ್ಲೇ ಇದ್ವು. ಡಾಕ್ಟ್ರು ಇನ್ನೊಂದನ್ನ ಎತ್ತಿದ್ರೆ..." ಅಲ್ಲಿಗೇ ನಿಲ್ಲಿಸಿ ಸೊಂಟದಿಂದ ಕೈ ಇಳಿಸಿದ. ಆ ಮಾತನ್ನು ನಾನು ಅವನಿಗೆ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಅವನಿಗೆ ಅದು ಮೊದಲೇ ಗೊತ್ತಿತ್ತು ಎಂದು ತಿಳಿದಾಗ ನನ್ನ ಸಿಟ್ಟೆಲ್ಲ ಇಳಿದುಹೋಯಿತು, ಅಳು ಬಂತು.

ಕಣ್ಣೊರೆಸಿಕೊಂಡು ಕೇಳಿದೆ. "ನಿಮ್ಮ ಅಭಿಪ್ರಾಯ ಏನು ಸರ್?"

ಅವರು ನಡುಗುವ ಕೈಯನ್ನು ಇನ್ನೊಂದರಿಂದ ಮುಚ್ಚಿಕೊಂಡರು. "ನನ್ನನ್ನು ಕೇಳ್ಬೇಡ. ಈ ಕೈ ಉಂಟಲ್ಲ, ಇದು ಲಂಚ ತಿಂದ ಸಾಕ್ಷಿ. ಮದ್ದು ಸಿಕ್ಕಿತು ಅಂದ್ರೆ ಮೊದಲು ಓಡುದು ಇದೇ. ಅದಕ್ಕೇ ನಾನು ಯಾವಾಗ್ಲೂ ಭ್ರೂಣದ ಪಾತ್ರ ತಗೊಳ್ಳುದು. ಇಲ್ಲದಿದ್ರೆ ಅದರ ಕಡೆ ಮಾತಾಡ್ಲಿಕ್ಕೆ ಯಾರಿದ್ದಾರೆ?"

ದೀಪಾವಳಿಯಲ್ಲಿ ನಾವು ಹೊಟ್ಟೆ ಹಿಡಿದು ನಕ್ಕಿದ್ದು ತನ್ನದೇ ಮದ್ದಿನ ವಿರುದ್ಧ ವಾದಕ್ಕೆ ಕೂತವರನ್ನು ನೋಡಿ ಎಂದು ಆಗ ಅರ್ಥವಾಯಿತು.

ಕೊನೆಗೆ ನಾವು ಭ್ರೂಣಗಳನ್ನು ಸಂಶೋಧನೆಗೆ ಕೊಡಲು ಒಪ್ಪಿದೆವು. ಒಪ್ಪಿದ್ದು ಅವನು ಗೆದ್ದ, ನಾನು ಸೋತೆ ಎಂದಲ್ಲ. ನನ್ನ ದುಃಖವನ್ನು ಅವನೂ ಹೊತ್ತುಕೊಂಡ ಮೇಲೆ ನನಗೆ ಅದನ್ನು ಸ್ವಲ್ಪ ಇಳಿಸಲು ಸಾಧ್ಯವಾಯಿತು.

ಸರ್ ಕಳೆದ ವರ್ಷ ನಿದ್ದೆಯಲ್ಲೇ ಹೋದರು. ಅವರ ಕೈಗೆ ಮದ್ದು ಬರಲೇ ಇಲ್ಲ. ಈಗಲೂ ನಮ್ಮಲ್ಲಿ ಜಗಳವಾದರೆ ನಾವು ಪಾತ್ರ ಬದಲಿಸುತ್ತೇವೆ. ಮಗಳು ಓಡಿಹೋಗಿ ಡಬ್ಬಿ ತಂದು, "ಮೈ ಟರ್ನ್ ಲಾ" ಎಂದು ಇಲ್ಲಿನ ಮಕ್ಕಳ ಹಾಗೆ ರಾಗ ಎಳೆದು ಬಡಿಯುತ್ತಾಳೆ. ಆ ಸದ್ದು ಕೇಳಿದಾಗಲೆಲ್ಲ, ನಮ್ಮ ನಿರ್ಧಾರ ತಿಳಿಸಲು ಮಾಮಕ್ ಹೋಟೆಲಿಗೆ ಹೋದ ಸಂಜೆ ನೆನಪಾಗುತ್ತದೆ. ಸುದ್ದಿ ಕೇಳಿ ಸರ್ ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಎರಡು ಲೋಟಗಳನ್ನೂ ಪಕ್ಕಕ್ಕೆ ಸರಿಸಿ ನನಗೆ ಕೈಮುಗಿದರು. ಬಲಗೈ ನಡುಗಿತು, ಅದರ ಜೊತೆ ಎಡಗೈಯೂ ನಡುಗಿತು.

ನಾನು ಗಾಬರಿಯಾಗಿ, "ಏನ್ ಸರ್ ಇದು, ದೊಡ್ಡವರು ನೀವು" ಎಂದೆ.

"ಇದು ಕೈ ಮಾಡಿದ್ದು ಮಾರಾಯ್ತಿ. ನಾನು ಈಗಲೂ ಭ್ರೂಣದ ಕಡೆಯೇ" ಎಂದರು.